ದೊಡ್ಡಪ್ಪ, ಚಿಕ್ಕಪ್ಪ ಮತ್ತು ಇಪ್ಪತ್ನಾಲ್ಕನೇ ಲೆವೆಲ್

ಭೂಮಿಯೊಳಗೆ ಎರಡು ಕಿಲೋಮೀಟರ್ ಇಳಿದು ದುಡಿಯುವವನಿಗೆ ಒಂದೇ ಒಂದು ಸಂಗತಿ ಮುಂಚಿತವಾಗಿ ಗೊತ್ತಾಗಬೇಕು: ತಲೆಯ ಮೇಲಿನ ಕಲ್ಲು ಯಾವಾಗ ಸಿಡಿಯುತ್ತದೆ ಎಂಬುದು. ಮಿಕ್ಕದ್ದೆಲ್ಲ ಆಮೇಲೆ ಗೊತ್ತಾದರೂ ನಡೆಯುತ್ತದೆ. ಹೊನ್ನಗಡ್ಡಿ ಚಿನ್ನದ ಗಣಿಯಲ್ಲಿ ಇದನ್ನು ಬಲ್ಲ ಯಂತ್ರವೊಂದಿತ್ತು. ಬಲ್ಲದು ಅಂದರೆ ಅಷ್ಟಿಷ್ಟಲ್ಲ, ಕಲ್ಲಿನ ವಿದ್ಯೆಯನ್ನು ಅರೆದು ಕುಡಿದಿತ್ತು. ಅದು ಆಡಿದ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ. ಆದರೆ ಒಂದು ಪ್ರಶ್ನೆಗೆ ಉತ್ತರ ಹೇಳಲು ಅದಕ್ಕೆ ನಲವತ್ತೊಂದು ನಿಮಿಷ ಬೇಕಾಗುತ್ತಿತ್ತು. ಕಲ್ಲಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ ನೋಡಿ.

ಯಂತ್ರದ ಹೆಸರು ಕಾಗದದ ಮೇಲೆ ಶಿಲಾಮತಿ. ಗಣಿಯ ಜನ ಕರೆಯುತ್ತಿದ್ದದ್ದು ದೊಡ್ಡಪ್ಪ ಎಂದು. ಮದುವೆ ಮಾತುಕತೆಗೆ ಬಂದು, ಬೀಗರೆಲ್ಲ ಎದ್ದು ಹೋದ ಮೇಲೆ ಸರಿಯಾದ ಮಾತು ಆಡುವ ಒಬ್ಬ ದೊಡ್ಡಪ್ಪ ಎಲ್ಲರ ಮನೆಯಲ್ಲೂ ಇರುತ್ತಾನಲ್ಲ, ಅವನ ಹೆಸರನ್ನೇ ಇದಕ್ಕೂ ಇಟ್ಟಿದ್ದರು.

ಹುಲಿಗೆಮ್ಮ ಆ ಯಂತ್ರವನ್ನು ನೋಡಿಕೊಳ್ಳುವ ಇಂಜಿನಿಯರು. ಹುಟ್ಟಿದ್ದು, ಬೆಳೆದದ್ದು ಅದೇ ಗಣಿಯ ಕ್ವಾರ್ಟರ್ಸಿನಲ್ಲಿ. ಓದಿಗೆಂದು ಐದು ವರ್ಷ ಹೊರಗಿದ್ದದ್ದು ಬಿಟ್ಟರೆ ಬೇರೆ ಊರಿನ ನೀರು ಕುಡಿದವಳಲ್ಲ. ಗಂಡ ಅಮರೇಗೌಡ ಕೆಳಗೆ, ಕಲ್ಲು ಕೊರೆಯುವ ಏಳು ಜನರ ತಂಡದ ಮುಖಂಡ. ಹೆಂಡತಿ ಮೇಲೆ ತಂಪು ಕೋಣೆಯಲ್ಲಿ, ಗಂಡ ಕೆಳಗೆ ಬೆವರಿನಲ್ಲಿ ಎಂದು ಜನ ಚೇಷ್ಟೆ ಮಾಡುತ್ತಿದ್ದರು. ಅವಳೂ ನಗುತ್ತಿದ್ದಳು. ಗಣಿಯ ಲಿಫ್ಟಾದ ಕೇಜು ಅವನನ್ನು ಇಳಿಸಿಕೊಂಡು ಹೋದ ಗಳಿಗೆಯಿಂದ ಮತ್ತೆ ಮೇಲೆ ತರುವ ತನಕ ಅವಳು ಎಷ್ಟು ಸಲ ಗಡಿಯಾರ ನೋಡುತ್ತಿದ್ದಳು ಎಂಬುದನ್ನು ಮಾತ್ರ ಯಾರ ಮುಂದೆಯೂ ಹೇಳಿದವಳಲ್ಲ.

ದೊಡ್ಡಪ್ಪನ ತಲೆಯಲ್ಲಿ ಇದ್ದದ್ದು ಎಂಟು ಸಾವಿರದ ನಾನೂರು ಸೂತ್ರಗಳು. ಎಲ್ಲವೂ ಗಣಿಯ ಹಳಬರನ್ನು ಕಾಡಿ ಬೇಡಿ ಬರೆದುಕೊಂಡವು. ಜಿನುಗುತ್ತಿದ್ದ ಬಿರುಕು ಇದ್ದಕ್ಕಿದ್ದಂತೆ ಒಣಗಿದರೆ ಒಳಗೆ ಕಲ್ಲು ಬಿಗಿಯುತ್ತಿದೆ. ಮರದ ಕಂಬ ಕಿರುಗುಟ್ಟಿದರೆ ಹೆದರಬೇಡ, ಕಿರುಗುಟ್ಟುವುದು ನಿಂತರೆ ಹೆದರು. ಊಟದ ಡಬ್ಬಿಯ ಸುತ್ತ ಸುಳಿಯುವ ಇಲಿ ಎರಡು ದಿನ ಕಾಣದಿದ್ದರೆ ನೀನೂ ಅಲ್ಲಿ ಕಾಣಬೇಡ. ಇಂಥವನ್ನು ಎಲ್ಲರಿಗಿಂತ ಹೆಚ್ಚು ಕೊಟ್ಟವರು ಮೌಲಾಸಾಬರು. ಹಾರೆಯಿಂದ ಚಾವಣಿಯ ಕಲ್ಲನ್ನು ಬಡಿದು, ಅದರ ಸದ್ದು ಕೇಳಿ, ಇಲ್ಲಿ ದುಡಿಯಬಹುದು, ಇಲ್ಲಿ ಕೂಡದು ಎಂದು ತೀರ್ಪು ಕೊಡುವ ಕೆಲಸವನ್ನು ಮೂವತ್ತೆಂಟು ವರ್ಷ ಮಾಡಿ ನಿವೃತ್ತರಾದವರು. ಹುಲಿಗೆಮ್ಮ ಅವರನ್ನು ಚಿಕ್ಕಂದಿನಿಂದ ಮೌಲಾ ಕಾಕಾ ಎನ್ನುವವಳು. ಕಾಕಾ ಕೇಳಿದರೆ ಏನನ್ನೂ ಹೇಳುತ್ತಿರಲಿಲ್ಲ, ಅದೆಲ್ಲ ಹೇಳಾಕ ಬರಂಗಿಲ್ಲವ್ವ ಎಂದು ಬೀಡಿ ಹಚ್ಚುತ್ತಿದ್ದರು. ಪಕ್ಕದಲ್ಲಿ ಕುಳಿತು ಬೇಕೆಂದೇ ತಪ್ಪು ಹೇಳಿದರೆ ಮಾತ್ರ ಸಿಟ್ಟು ನೆತ್ತಿಗೇರಿ ಸರಿಯಾದದ್ದನ್ನು ಬಡಬಡನೆ ಹೇಳಿಬಿಡುತ್ತಿದ್ದರು. ಅರ್ಧ ದೊಡ್ಡಪ್ಪ ತುಂಬಿದ್ದು ಈ ಉಪಾಯದಿಂದಲೇ.

ಇಷ್ಟೆಲ್ಲ ತಿಳಿದೂ ದೊಡ್ಡಪ್ಪ ತಡ ಮಾಡುತ್ತಿದ್ದದ್ದು ಯಾಕೆ? ಗಣಿಯ ಗೋಡೆಗಳಲ್ಲಿ ಆರು ನೂರು ಕಡೆ ಯಂತ್ರದ ಕಿವಿಗಳನ್ನು ನೆಟ್ಟಿದ್ದರು. ಕಂಪನ, ತೇವ, ಬಿಸಿ, ಗೋಡೆ ಎಷ್ಟು ಸರಿಯಿತು ಎಂಬ ಅಳತೆ, ಎಲ್ಲ ಅಲ್ಲಿಂದ ಬರುತ್ತಿತ್ತು. ಹೊಸ ಸುದ್ದಿ ಬಂದಾಗಲೆಲ್ಲ ದೊಡ್ಡಪ್ಪ ಓಂಪ್ರಥಮದಿಂದ ಶುರು ಮಾಡುತ್ತಿದ್ದ. ಎಂಟು ಸಾವಿರದ ನಾನೂರು ಸೂತ್ರಗಳನ್ನೂ ಒಂದೊಂದಾಗಿ ತೆಗೆದು, ಈ ಬಿರುಕಿಗೂ ಆ ಕಂಬಕ್ಕೂ ಸಂಬಂಧವಿದೆಯೇ, ಆ ಕಂಬಕ್ಕೂ ಈ ನೀರಿಗೂ ಸಂಬಂಧವಿದೆಯೇ ಎಂದು ಎರಡೆರಡು, ಮೂರು ಮೂರು ಕೂಡಿಸಿ ನೋಡುತ್ತಿದ್ದ. ಕೋಟಿಗಟ್ಟಲೆ ಜೋಡಿಗಳು. ಬಾಗಿಲಿಗೆ ಬಂದು ನೀರು ಕೇಳಿದವನ ಏಳು ತಲೆಮಾರು ವಿಚಾರಿಸಿ ಆಮೇಲೆ ಚೊಂಬು ಎತ್ತಿದ ಹಾಗೆ.

ಎರಡು ವರ್ಷದ ಹಿಂದೆ ಹತ್ತೊಂಬತ್ತನೇ ಅಂತಸ್ತಿನಲ್ಲಿ, ಗಣಿಯವರ ಮಾತಿನಲ್ಲಿ ಹತ್ತೊಂಬತ್ತನೇ ಲೆವೆಲ್‌ನಲ್ಲಿ ಕಲ್ಲು ಸಿಡಿದು ಯಂಕೋಬ ಎಂಬ ಕೊರೆತದವನು ಸತ್ತ. ಅವನು ಸತ್ತ ಒಂಬತ್ತು ನಿಮಿಷಕ್ಕೆ ದೊಡ್ಡಪ್ಪನ ಉತ್ತರ ಬಂತು. ಯಾವ ಕಂಬ, ಯಾವ ಕಡೆ, ಯಾಕೆ ಸಿಡಿಯುತ್ತದೆ ಎಂದು ಕಾರಣ ಸಮೇತ, ಒಂದಕ್ಷರ ತಪ್ಪಿಲ್ಲದೆ. ಯಾರೋ ಆ ಹಾಳೆಯನ್ನು ತಂದು ಕ್ಯಾಂಟೀನಿನ ಗೋಡೆಗೆ ಅಂಟಿಸಿದರು. ಜನ ಚಹಾ ಕುಡಿಯುತ್ತ ಅದನ್ನು ಓದಿದರು, ಓದಿ ನೆಲಕ್ಕೆ ಉಗಿದರು. ಹುಲಿಗೆಮ್ಮ ಆವತ್ತಿನಿಂದ ಕ್ಯಾಂಟೀನಿನ ಕಡೆ ತಲೆ ಹಾಕಲಿಲ್ಲ.

ಆಮೇಲೆ ಕಂಪನಿ ಅಪಾಯದ ಗಂಟೆಯೊಂದನ್ನು ತರಿಸಿತು. ಹಳೆಯ ಸಿಡಿತಗಳ ಕಂಪನ ಕಲಿಸಿದ ಯಂತ್ರ. ಅಂಥದ್ದೇ ನಡುಕ ಕೇಳಿದರೆ ಒಂದೇ ಸೆಕೆಂಡಿನಲ್ಲಿ ಬಾರಿಸಿಬಿಡುತ್ತದೆ. ಯಾಕೆ ಎಂದು ಕೇಳಿದರೆ ಅದಕ್ಕೂ ಗೊತ್ತಿಲ್ಲ. ವಾರಕ್ಕೆ ನಾಲ್ಕು ಸಲ ಸುಮ್ಮಸುಮ್ಮನೆ ಬಾರಿಸುತ್ತಿತ್ತು. ಮೊದಮೊದಲು ಜನ ಎದ್ದು ಬಿದ್ದು ಓಡಿದರು, ಆಮೇಲೆ ನಡೆದರು, ಆರು ತಿಂಗಳಿಗೆ ಕೈಯಲ್ಲಿದ್ದ ಚಹಾ ಮುಗಿಸಿ ಏಳುವುದಕ್ಕೆ ಶುರು ಮಾಡಿದರು.

ಇಂಥ ಹೊತ್ತಿನಲ್ಲಿ ಇಪ್ಪತ್ನಾಲ್ಕನೇ ಲೆವೆಲ್ ತೆರೆಯುವ ಮಾತು ಬಂತು. ಅದಕ್ಕಿಂತ ಆಳ ಆ ಗಣಿಯಲ್ಲಿ ಇಲ್ಲ. ಮೊದಲ ತಂಡವಾಗಿ ಇಳಿಯಬೇಕಾದದ್ದು ಅಮರೇಗೌಡನ ಏಳು ಜನ. ಮ್ಯಾನೇಜರ್ ದೇಸಾಯಿ ಸಾಹೇಬರು ಹುಲಿಗೆಮ್ಮನನ್ನು ಕರೆದು, ಆರು ತಿಂಗಳು ಟೈಮು ಕೊಡುತ್ತೇನೆ, ಅರ್ಧ ನಿಮಿಷದೊಳಗೆ ಮಾತಾಡುವ ಹಾಗೆ ಮಾಡು, ಆಗದಿದ್ದರೆ ದೊಡ್ಡಪ್ಪನನ್ನು ಕಿತ್ತು ಗೋದಾಮಿಗೆ ಹಾಕಿ ಗಂಟೆಯೊಂದನ್ನೇ ನಂಬಿ ಇಳಿಸುತ್ತೇವೆ ಎಂದರು. ಕೆಟ್ಟ ಮನುಷ್ಯರಲ್ಲ ದೇಸಾಯಿಯವರು. ಅವರ ಮೇಲೂ ಒತ್ತಡವಿತ್ತು. ಆದರೆ ಹುಲಿಗೆಮ್ಮನಿಗೆ ಕೇಳಿಸಿದ್ದು ಒಂದೇ ಮಾತು: ಆರು ತಿಂಗಳ ಮೇಲೆ ನಿನ್ನ ಗಂಡ ಗಂಟೆಯನ್ನು ನಂಬಿ ಇಳಿಯುತ್ತಾನೆ.

ಮೊದಲ ಎರಡು ತಿಂಗಳು ಅವಳು ಮಾಡಿದ್ದು ಯಾರಾದರೂ ಮಾಡುವಂಥದ್ದೇ. ಇನ್ನೂ ದೊಡ್ಡ ಕಂಪ್ಯೂಟರ್ ತರಿಸಿದಳು. ನಲವತ್ತೊಂದು ನಿಮಿಷ ಇಪ್ಪತ್ತಾರಕ್ಕೆ ಇಳಿಯಿತು. ಉಪಯೋಗಕ್ಕೆ ಬಾರದ ಸೂತ್ರಗಳನ್ನು ಕಿತ್ತು ಹಾಕೋಣವೆಂದು ಹೊರಟಳು. ಯಾವುದನ್ನು ಕಿತ್ತರೂ ಹಳೆಯ ಯಾವುದೋ ಒಂದು ಸಿಡಿತ ತಪ್ಪಿಹೋಗುತ್ತಿತ್ತು, ಅಂದರೆ ಲೆಕ್ಕದಲ್ಲಿ ಯಾರೋ ಒಬ್ಬ ಸಾಯುತ್ತಿದ್ದ. ಅಳುತ್ತ ಮತ್ತೆ ಸೇರಿಸುತ್ತಿದ್ದಳು. ಮೂರನೆಯ ತಿಂಗಳಿಗೆ ಅವಳ ಕಣ್ಣು ಗುಳಿಗೆ ಬಿದ್ದು, ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂಬುದು ಕೂಡ ನೆನಪಿರದ ಹಾಗಾಯಿತು. ಅಮರೇಗೌಡ ಉಪ್ಪಿಲ್ಲದ ಸಾರನ್ನು ತೆಪ್ಪಗೆ ಉಣ್ಣುತ್ತಿದ್ದ.

ಒಂದು ಸಂಜೆ ಅವನು ಕೆಲಸ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದ. ಅವಳು ರೊಟ್ಟಿ ತಟ್ಟುತ್ತ, ದಿನಾ ಕೇಳುವ ಹಾಗೆ, ಇವತ್ತು ಕೆಳಗ ಹೆಂಗಿತ್ತು ಎಂದು ಕೇಳಿದಳು. ಅವನೂ ದಿನಾ ಹೇಳುವ ಹಾಗೆ ಹೇಳಿದ:

"ಇದ್ದಂಗ ಐತಿ."

ಹುಲಿಗೆಮ್ಮನ ಕೈ ಅಲ್ಲೇ ನಿಂತುಬಿಟ್ಟಿತು.

ಹೊನ್ನಗಡ್ಡಿಯಲ್ಲಿ ಒಂದು ಪದ್ಧತಿ ಇತ್ತು. ಪಾಳಿ ಬದಲಾಗುವಾಗ ಕೇಜಿನ ಬಾಯಲ್ಲಿ, ಚಾವಣಿ ಬಡಿದು ನೋಡುವ ಇಬ್ಬರು, ಮೇಲೆ ಬಂದವನು ಮತ್ತು ಇಳಿಯುವವನು, ಎದುರುಬದುರು ನಿಂತು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಇಡುತ್ತಾರೆ. ಬಂದವನು ತನ್ನ ಲೆವೆಲ್‌ನಲ್ಲಿ ಏನೇನಿದೆ ಎಂದು ಹೇಳುತ್ತ ಕೂರುವುದಿಲ್ಲ. ಏನು ಬದಲಾಗಿದೆ ಅಷ್ಟನ್ನೇ ಹೇಳುತ್ತಾನೆ. ಮೂರನೇ ಕಂಬ ಸುಮ್ಮನಾಗ್ಯದ, ಆಚೆ ಮೂಲಿ ನೀರು ನಿಂತೈತಿ. ಬದಲಾದದ್ದು ಏನೂ ಇಲ್ಲದಿದ್ದರೆ ಇದ್ದಂಗ ಐತಿ ಅಂದು ಕೈ ತೆಗೆಯುತ್ತಾನೆ. ಮೈಲಿ ಉದ್ದದ ಸುರಂಗ ಒಂದು ನಿಮಿಷದೊಳಗೆ ಒಬ್ಬನ ತಲೆಯಿಂದ ಇನ್ನೊಬ್ಬನ ತಲೆಗೆ ಹೋಗುತ್ತದೆ. ಯಾಕೆಂದರೆ ಕೇಳುವವನ ತಲೆಯಲ್ಲಿ ನಿನ್ನೆಯದೆಲ್ಲ ಹಾಗೇ ಇದೆ. ಅವನು ಹೊಸದನ್ನು ಅದಕ್ಕೆ ಸೇರಿಸಿಕೊಂಡು, ಅದು ಎಲ್ಲೆಲ್ಲಿ ತಾಗುತ್ತದೋ ಅಲ್ಲಿ ಮಾತ್ರ ಮತ್ತೆ ಯೋಚನೆ ಮಾಡುತ್ತಾನೆ.

ಇದನ್ನು ಅವಳು ಲಂಗ ಉಡುವ ವಯಸ್ಸಿನಿಂದ ಕಂಡಿದ್ದಳು. ಕಣ್ಣೆದುರಿಗೇ ಇತ್ತು, ಆದರೆ ಹೊಳೆದಿರಲಿಲ್ಲ. ರೊಟ್ಟಿ ಸೀದು ಹೊಗೆ ಬರುತ್ತಿದ್ದರೂ ಅವಳು ಗಂಡನ ಮುಖವನ್ನೇ ನೋಡುತ್ತ, ಆರು ವರ್ಷದಿಂದ ಇದನ್ನೇ ಹೇಳ್ತಿದ್ದಿರಲ್ಲ, ಸ್ವಲ್ಪ ಜೋರಾಗಿ ಹೇಳಾಕ ಏನಾಗಿತ್ತು ಎಂದು ಬೈದಳು. ಅವನಿಗೆ ತಲೆಬುಡ ತಿಳಿಯಲಿಲ್ಲ. ರೊಟ್ಟಿ ಹೊತ್ತೈತಿ ಎಂದಷ್ಟೇ ಹೇಳಿದ.

ಮುಂದಿನ ಐದು ವಾರ ಅವಳು ದೊಡ್ಡಪ್ಪನ ಪಕ್ಕದಲ್ಲಿ ಇನ್ನೊಂದು ಯಂತ್ರವನ್ನು ಕಟ್ಟಿದಳು. ಸೂತ್ರಗಳು ಅವೇ, ಯೋಚಿಸುವ ರೀತಿ ಬೇರೆ. ಈ ಬಿರುಕು ಆ ಕಂಬಕ್ಕೆ ಸೇರುತ್ತದೆ ಎಂದು ಒಮ್ಮೆ ಕಂಡುಕೊಂಡರೆ ಅದನ್ನು ಮರೆಯುವ ಹಾಗಿಲ್ಲ. ಅರ್ಧಕ್ಕೆ ಬಂದು ನಿಂತ ವಿಚಾರಗಳನ್ನೆಲ್ಲ ಅರ್ಧದಲ್ಲೇ ಜೋಪಾನವಾಗಿ ಇಟ್ಟುಕೊಳ್ಳಬೇಕು. ಗೋಡೆಯ ಕಿವಿಗಳಿಂದ ಸುದ್ದಿ ಬಂದಾಗ ನಿನ್ನೆಗಿಂತ ಬದಲಾದದ್ದನ್ನು ಮಾತ್ರ ಒಳಗೆ ಬಿಟ್ಟು, ಅದು ತಾಗಿದ ಅರ್ಧ ವಿಚಾರಗಳನ್ನು ಮಾತ್ರ ಮುಂದಕ್ಕೆ ಸಾಗಿಸಬೇಕು. ಮಿಕ್ಕದ್ದೆಲ್ಲ ಇದ್ದಂಗ ಐತಿ.

ಮೊದಲ ಸಲ ಓಡಿಸಿದಾಗ ಉತ್ತರ ಆರು ಸೆಕೆಂಡಿನಲ್ಲಿ ಬಂತು. ಏನೋ ಕೆಟ್ಟಿದೆ ಎಂದುಕೊಂಡು ಅವಳು ಮತ್ತೆ ಓಡಿಸಿದಳು. ಮತ್ತೆ ಆರು ಸೆಕೆಂಡು. ಕಂಟ್ರೋಲ್ ರೂಮಿನ ಕುರ್ಚಿಯಲ್ಲಿ ಕುಳಿತು, ಮೇಜಿನ ಮೇಲೆ ತಲೆ ಇಟ್ಟು, ಚಿಕ್ಕ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಮರುದಿನ ಗಣಿಯ ತುಂಬ ಸುದ್ದಿ ಹಬ್ಬಿತು, ಹೊಸ ಯಂತ್ರಕ್ಕೆ ಹೆಸರೂ ಬಿತ್ತು. ದೊಡ್ಡಪ್ಪನ ಬೆನ್ನಿಗೆ ಹುಟ್ಟಿದವನು ಚಿಕ್ಕಪ್ಪನಲ್ಲದೆ ಇನ್ನೇನು?

ಆದರೆ ಹುಲಿಗೆಮ್ಮ ಪೂರ್ತಿ ನಗುವ ಮೊದಲೇ ಒಂದು ಮುಳ್ಳು ತಾಗಿತು. ಗಣಿಯಲ್ಲಿ ಇಷ್ಟು ವರ್ಷಗಳಲ್ಲಿ ಆದ ಅರವತ್ತಮೂರು ಸಿಡಿತಗಳ ದಾಖಲೆಯನ್ನು ಚಿಕ್ಕಪ್ಪನ ಮುಂದೆ ಇಟ್ಟಾಗ ಅವನು ಅರವತ್ತನ್ನು ಹಿಡಿದ. ಮೂರು ತಪ್ಪಿದವು. ಒಂದರ ಜಾಗದಲ್ಲಿ ಆಗ ಯಂತ್ರದ ಕಿವಿಯೇ ಇರಲಿಲ್ಲ, ಅದಕ್ಕೆ ಬ್ರಹ್ಮನೂ ಉತ್ತರ ಹೇಳಲಾರ. ಮಿಕ್ಕ ಎರಡನ್ನು ಚಿಕ್ಕಪ್ಪ ಯಾಕೆ ಬಿಟ್ಟ? ಮಂದಗತಿಯ ದೊಡ್ಡಪ್ಪ ಅವೆರಡನ್ನೂ ಹಿಡಿದಿದ್ದನಲ್ಲ.

ಅವಳು ಮೌಲಾ ಕಾಕಾರ ಮನೆಗೆ ಹೋಗಿ ಕಟ್ಟೆಯ ಮೇಲೆ ಕುಳಿತು ಎಲ್ಲ ಹೇಳಿದಳು. ಪಾಳಿ ಒಪ್ಪಿಸುವುದನ್ನು ನೋಡಿ ಕಲಿತೆ ಎಂದಾಗ ಅವರ ಮುಖ ಅರಳಿತು. ಎರಡು ತಪ್ಪಿದವು ಎಂದಾಗ ಅವರು ನಕ್ಕು ನಕ್ಕು ಕೆಮ್ಮಿದರು. ನಗು ನಿಂತ ಮೇಲೆ ಹದಿನೇಳನೇ ಲೆವೆಲ್‌ನ ಕಥೆ ಹೇಳಿದರು. ಅವರ ಪ್ರಾಯದ ಕಾಲದಲ್ಲಿ ಅಲ್ಲಿ ಅದಿರಿನ ಗಾಡಿಯೊಂದು ಗೋಡೆಗೆ ಉಜ್ಜತೊಡಗಿತಂತೆ. ವರ್ಕ್‌ಶಾಪಿನವರು ಗಾಡಿಯ ಮಗ್ಗುಲನ್ನು ಕಾಲು ಅಂಗುಲ ಅರ ಹಾಕಿ ಸವೆಸಿಕೊಟ್ಟರು. ನಾಲ್ಕು ತಿಂಗಳಿಗೆ ಮತ್ತೆ ಉಜ್ಜಿತು, ಮತ್ತೆ ಸವೆಸಿದರು. ಮೂರನೆಯ ಸಲ ಫೋರ್‌ಮನ್, ಗಾಡಿ ಉಬ್ಬಿದೆ ಎಂದು ಬರೆದು ಸಹಿ ಮಾಡಿ ಹೊಸ ಗಾಡಿ ಕೇಳಿದ. ಕಬ್ಬಿಣದ ಗಾಡಿ ಉಬ್ಬುತ್ತದೆಯೇ? ಸರಿದು ಬಂದದ್ದು ಗೋಡೆ, ವರ್ಷದಲ್ಲಿ ಮುಕ್ಕಾಲು ಅಂಗುಲ. ಪಾಳಿಯಿಂದ ಪಾಳಿಗೆ ಒಂದು ಕೂದಲೆಳೆ. ಬಡಿದು ನೋಡುವವರು ಒಬ್ಬರೂ ಸುಳ್ಳು ಹೇಳಲಿಲ್ಲ. ಎಲ್ಲರೂ ಕೈ ಇಟ್ಟು ಇದ್ದಂಗ ಐತಿ ಅಂದರು, ಅವರವರ ಪಾಳಿಯ ಮಟ್ಟಿಗೆ ಅದು ನಿಜವೇ ಆಗಿತ್ತು.

"ದಿನಾ ನೋಡೋ ತಾಯಿಗೆ ಮಗು ಬೆಳೆದಿದ್ದು ಕಾಣ್ತೈತೇನವ್ವ? ಊರಿಂದ ಬಂದ ಸೋದರತ್ತಿಗೆ ಕಾಣ್ತೈತಿ," ಎಂದರು ಕಾಕಾ. "ಅದಕ್ಕ ನಾವು ಅಮಾಸಿ ಅಮಾಸಿಗೆ ಕಿವಿ ಬದಲಿ ಮಾಡ್ತಿದ್ವಿ. ಈ ಲೆವೆಲ್‌ನವ ಆ ಲೆವೆಲ್‌ಗೆ. ಗೊತ್ತಿಲ್ಲದವ ಹೋಗಿ, ಮೊದಲಿಂದ, ಎಲ್ಲಾ ಬಡಿದು ನೋಡ್ಬೇಕು. ಯಂತ್ರ ಬಂದ ಮ್ಯಾಲೆ ಅದನ್ನ ಬಿಟ್ಬಿಟ್ರಿ."

ಹುಲಿಗೆಮ್ಮನಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು, ಜೊತೆಗೆ ಆ ಮುದುಕರ ಪಾದ ಹಿಡಿಯಬೇಕು ಅನ್ನಿಸುವಷ್ಟು ಸಂತೋಷವೂ ಆಯಿತು. ದೊಡ್ಡಪ್ಪನನ್ನು ಗೋದಾಮಿಗೆ ಹಾಕಬೇಕಾಗಿಯೇ ಇರಲಿಲ್ಲ. ಅವನೇ ಊರಿಂದ ಬಂದ ಅತ್ತೆ. ಅವನು ತನ್ನ ಪಾಡಿಗೆ ಹಿಂದೆ ಕುಳಿತು, ಅವಸರವಿಲ್ಲದೆ, ಇಡೀ ಗಣಿಯನ್ನು ಓಂಪ್ರಥಮದಿಂದ ಯೋಚಿಸುತ್ತಿರಲಿ. ಒಂದು ಸುತ್ತು ಮುಗಿದಾಗಲೆಲ್ಲ ತಾನು ಕಂಡದ್ದನ್ನು ಚಿಕ್ಕಪ್ಪನಿಗೆ ಒಪ್ಪಿಸಲಿ. ಚಿಕ್ಕಪ್ಪ ಮುಂದೆ ನಿಂತು ಗಳಿಗೆ ಗಳಿಗೆಯ ಸುದ್ದಿ ಹಿಡಿಯಲಿ. ಹೀಗೆ ಜೋಡಿಸಿದ ಮೇಲೆ ಅರವತ್ತೆರಡೂ ಸಿಕ್ಕವು.

ಒಂದು ತಕರಾರು ಮಾತ್ರ ಉಳಿಯಿತು. ಚಿಕ್ಕಪ್ಪ ಆಜ್ಞೆಯನ್ನು ಮೊದಲು ಹೇಳಿ, ಕಾರಣಗಳನ್ನು ಆಮೇಲೆ ಹೇಳಬೇಕು ಎಂದು ಹುಲಿಗೆಮ್ಮ ಕಟ್ಟಿದ್ದಳು. ಆಜ್ಞೆ ಎರಡೇ ಬಗೆ: ಓಡಿ, ಇಲ್ಲವೇ ಕುಳಿತುಕೊಳ್ಳಿ. ದೇಸಾಯಿ ಸಾಹೇಬರು ಈ ಎರಡನೆಯದನ್ನು ನೋಡಿ ಹುಬ್ಬು ಗಂಟು ಹಾಕಿದರು. ಸಿಡಿಯುವ ಕಲ್ಲಿನ ಕೆಳಗೆ ಕುಳಿತುಕೊಳ್ಳಿ ಅನ್ನುವುದು ಎಂಥ ಮಾತು, ತಪ್ಪಾದರೆ ಸತ್ತವರ ಮನೆಯವರಿಗೆ ಯಾರು ಉತ್ತರ ಹೇಳಬೇಕು, ಅದನ್ನು ತೆಗೆದುಹಾಕು ಎಂದರು. ಮೌಲಾ ಕಾಕಾ ಕೂಡ ಸಾಹೇಬರ ಕಡೆಯೇ ವಾಲಿದರು. ಗಣಿಯೊಳಗೆ ಯಾರೂ ಯಾರಿಗೂ ಕುಂದ್ರು ಅಂದದ್ದನ್ನು ತಾವು ಕೇಳಿಲ್ಲ, ಅಂಥ ಮಾತನ್ನು ತಾವು ಆ ಯಂತ್ರಕ್ಕೆ ಕೊಟ್ಟೇ ಇಲ್ಲ ಎಂದರು. ಅದು ನಿಜ. ಯಾರೂ ಕೊಟ್ಟಿರಲಿಲ್ಲ. ಆದರೆ ಓಡುವ ದಾರಿಯೇ ಮೊದಲು ಸಿಡಿಯುವುದಾದರೆ, ಇದ್ದ ಜಾಗವೇ ಗಟ್ಟಿಯಾಗಿದ್ದರೆ, ಅವರದೇ ಸೂತ್ರಗಳು ಒಂದಕ್ಕೊಂದು ಸೇರಿ ಅಲ್ಲಿಗೇ ಹೋಗಿ ನಿಲ್ಲುತ್ತಿದ್ದವು. ಹುಲಿಗೆಮ್ಮ ಅದನ್ನು ತೆಗೆಯಲಿಲ್ಲ. ಹೊಣೆ ನನ್ನದು ಎಂದು ಬರೆದು ಸಹಿ ಮಾಡಿದಳು.

ಆ ಸಂಜೆ ಮನೆಯಲ್ಲಿ ಇದನ್ನು ಗಂಡನಿಗೆ ಹೇಳುವಾಗ ಅವಳ ದನಿ ಸಣ್ಣಗಿತ್ತು. ಅಮರೇಗೌಡ ಶೇಂಗಾ ಸುಲಿಯುತ್ತ ಕುಳಿತಿದ್ದ. ಸುಲಿದ ಕಾಳನ್ನು ಅವಳ ಮುಂದೆ ಸರಿಸಿದ. ಆಮೇಲೆ ಅಂದ:

"ನಿನಗ ಖರೇ ಅನ್ನಿಸಿದ್ರ ಇಡು. ಆದ್ರ ಯಂತ್ರ ಹೇಳ್ತು ಅಂತ ನಾ ಕುಂದ್ರಂಗಿಲ್ಲ, ನನ್ನ ಹುಡುಗ್ರನ್ನೂ ಕುಂದ್ರಸಂಗಿಲ್ಲ. ಹೇಳೋದಿದ್ರ ನೀನ ಹೇಳ್ಬೇಕು, ನಿನ್ನ ಬಾಯಿಲೆ."

ಆಗಲಿ ಎಂದಳು. ಕಂಟ್ರೋಲ್ ರೂಮಿನಿಂದ ಆಜ್ಞೆ ಹೋಗುವುದು ಮನುಷ್ಯರ ದನಿಯಲ್ಲೇ ಎಂದು ನಿಯಮವಾಯಿತು. ಅಮರೇಗೌಡನ ತಂಡ ಇಳಿಯುವ ಪಾಳಿಯಲ್ಲಿ ಮೈಕಿನ ಮುಂದೆ ತಾನೇ ಕೂರುವುದಾಗಿ ಅವಳು ಬರೆಸಿಕೊಂಡಳು.

ಇಪ್ಪತ್ನಾಲ್ಕನೇ ಲೆವೆಲ್ ತೆರೆದು ಎರಡೂವರೆ ತಿಂಗಳಾಗಿತ್ತು. ಚಿಕ್ಕಪ್ಪ ಎರಡು ಸಲ ಓಡಿ ಅಂದಿದ್ದ, ಎರಡೂ ಸಲ ಜನ ಹೊರಬಂದ ಮೇಲೆ ಕಲ್ಲು ಸಿಡಿದಿತ್ತು. ಕ್ಯಾಂಟೀನಿನಲ್ಲಿ ಹುಲಿಗೆಮ್ಮನಿಗೆ ಮತ್ತೆ ಚಹಾ ಸಿಗತೊಡಗಿತ್ತು. ಹೀಗಿರುವಾಗ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ನಲವತ್ತಕ್ಕೆ, ಗಂಟೆ ಬಾರಿಸಿತು.

ದೇಸಾಯಿ ಸಾಹೇಬರು ಅಲ್ಲೇ ನಿಂತಿದ್ದರು. ಪರದೆಯ ಮೇಲೆ ಇಪ್ಪತ್ನಾಲ್ಕರ ಪಶ್ಚಿಮ ತುದಿ ಕೆಂಪಾಯಿತು. ಕೆಳಗಿನ ಕ್ಯಾಮೆರಾದಲ್ಲಿ ಏಳೂ ಜನ ಕೊರೆತದ ಯಂತ್ರ ಬಿಟ್ಟು ತಲೆ ಎತ್ತಿದ್ದು ಕಾಣಿಸಿತು. ಹುಲಿಗೆಮ್ಮ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದಳು. ಆರಕ್ಕೆ ಬಂದಾಗ ಚಿಕ್ಕಪ್ಪನ ಪರದೆಯ ಮೇಲೆ ಒಂದು ಸಾಲು ಮೂಡಿತು. ಕುಳಿತುಕೊಳ್ಳಿ.

ಅರವತ್ತೆರಡು ದಾಖಲೆಗಳಲ್ಲಿ ಆ ಮಾತು ಬಂದದ್ದು ಎರಡೇ ಸಲ, ಎರಡೂ ಹಳೆಯವು, ಆಗ ಕುಳಿತಿದ್ದರೆ ಏನಾಗುತ್ತಿತ್ತೆಂದು ಕಂಡವರಿಲ್ಲ. ಕೆಳಗೆ ಇಬ್ಬರು ಆಗಲೇ ಹೊರದಾರಿಯ ಕಡೆ ಹೆಜ್ಜೆ ಹಾಕಿದ್ದರು. ಗಂಟೆ ಕಿವಿಗಡಚಿಕ್ಕುತ್ತಿತ್ತು. ಸಾಹೇಬರು, ಓಡಸು ಹುಲಿಗೆಮ್ಮ, ಏನ್ ನೋಡ್ತಿ ಎಂದು ಅವಳ ಕುರ್ಚಿಯನ್ನೇ ಅಲ್ಲಾಡಿಸಿದರು. ಕಾರಣಗಳು ಒಂದರ ಕೆಳಗೊಂದು ಬರುತ್ತಿದ್ದವು, ಅವಳಿಗೆ ಒಂದಕ್ಷರವೂ ಕಾಣಲಿಲ್ಲ. ಓದುವಷ್ಟು ಹೊತ್ತೂ ಇರಲಿಲ್ಲ. ಕಾರಣ ಓದದೆ ನಂಬಬೇಕು, ಇಲ್ಲವೇ ಓದದೆ ಬಿಡಬೇಕು. ಅವಳು ಮೈಕಿನ ಗುಂಡಿ ಒತ್ತಿದಳು. ಮೈಕಿನಲ್ಲಿ ಗಂಡನನ್ನು ಅವಳು ಆವರೆಗೆ ಲೆವೆಲ್ ಸಂಖ್ಯೆಯಿಂದ, ಇಪ್ಪತ್ನಾಲ್ಕು ಎಂದಲ್ಲದೆ ಬೇರೆ ಕರೆದವಳಲ್ಲ.

"ರೀ, ನಾನು. ಓಡಬ್ಯಾಡ್ರಿ. ಎಲ್ಲಾರೂ ವಾಪಸ್ ಬಂದು ಗ್ವಾಡಿಗೆ ಬೆನ್ನು ಹಚ್ಚಿ ಕುಂದರ್ರಿ. ಏಳೂ ಮಂದಿ. ನಾ ಹೇಳಾಕತ್ತೀನಿ, ಕುಂದರ್ರಿ."

ಕ್ಯಾಮೆರಾದಲ್ಲಿ ಅಮರೇಗೌಡ ತಲೆ ಎತ್ತಿ ಸ್ಪೀಕರಿನ ಕಡೆ ನೋಡಿದ. ಆಮೇಲೆ ಮೊದಲು ತಾನು ಕುಳಿತ. ಹೊರಟಿದ್ದ ಇಬ್ಬರನ್ನು ಕೂಗಿ ಕರೆದದ್ದು ಅವನ ಬಾಯಿಯ ಆಕಾರದಿಂದ ತಿಳಿಯಿತು. ಅವರು ಬಂದರು. ಏಳೂ ಜನ ಸಾಲಾಗಿ ಕುಳಿತರು, ಮೊಣಕಾಲ ನಡುವೆ ತಲೆ ಹುದುಗಿಸಿಕೊಂಡರು.

ಐವತ್ತು ಸೆಕೆಂಡು ಏನೂ ಆಗಲಿಲ್ಲ. ಆ ಐವತ್ತು ಸೆಕೆಂಡು ದೇಸಾಯಿ ಸಾಹೇಬರು ಹುಲಿಗೆಮ್ಮನನ್ನು ನೋಡಿದ ನೋಟವನ್ನು ಅವಳು ಸಾಯುವ ತನಕ ಮರೆಯುವವಳಲ್ಲ. ಐವತ್ತೊಂದಕ್ಕೆ ಕ್ಯಾಮೆರಾದ ಪರದೆ ಒಮ್ಮೆ ನಡುಗಿ ಕಪ್ಪಾಯಿತು. ಮೇಲೆ, ಎರಡು ಕಿಲೋಮೀಟರ್ ಮೇಲೆ, ಅವರ ಮೇಜಿನ ಮೇಲಿನ ನೀರಿನ ಲೋಟ ಅಲುಗಿತು. ಮೈಕಿನಲ್ಲಿ ಕೂಗಿದಳು, ಉತ್ತರವಿಲ್ಲ. ಮತ್ತೆ ಕೂಗಿದಳು. ತಂತಿ ಕಡಿದಿತ್ತು.

ರಕ್ಷಣಾ ತಂಡ ಇಳಿಯಿತು. ಹೊರದಾರಿಯ ನಟ್ಟನಡುವೆ ಇಪ್ಪತ್ತು ಅಡಿ ಉದ್ದ ಕಲ್ಲು ತುಂಬಿ ನಿಂತಿದೆ ಎಂದು ಹನ್ನೊಂದೂವರೆಗೆ ಸುದ್ದಿ ಬಂತು. ಆಚೆ ಬದಿಯಲ್ಲಿ ಏನಿದೆ ಎಂದು ಯಾರಿಗೂ ತಿಳಿಯದು. ಹುಲಿಗೆಮ್ಮ ಕುರ್ಚಿ ಬಿಟ್ಟು ಏಳಲಿಲ್ಲ, ನೀರು ಮುಟ್ಟಲಿಲ್ಲ. ಕಾರಣಗಳ ಪಟ್ಟಿ ಎದುರಿಗೇ ಇತ್ತು, ಇಪ್ಪತ್ಮೂರು ಸಾಲು, ಈಗಲೂ ಓದುವ ಧೈರ್ಯವಾಗಲಿಲ್ಲ. ಅದರಲ್ಲಿ ಒಂದು ಸಾಲು ತಪ್ಪಿದ್ದರೆ ಏಳು ಜನರನ್ನು ತಾನೇ ಕೈಯಾರೆ ಕೂರಿಸಿ ಕೊಂದ ಹಾಗೆ. ಮಧ್ಯಾಹ್ನ ಮೂರಕ್ಕೆ ಕಲ್ಲಿನ ನಡುವೆ ಒಂದು ಕೊಳವೆ ತೂರಿಸಿದರು. ಆ ಕೊಳವೆಯ ಮೇಲೆ ಆಚೆಯಿಂದ ಯಾರೋ ಸುತ್ತಿಗೆಯಲ್ಲಿ ಬಡಿದರು. ನಿಧಾನವಾಗಿ, ಎಣಿಸಿ, ಏಳು ಸಲ.

ಸಂಜೆ ಐದೂವರೆಗೆ ಕೇಜು ಮೇಲೆ ಬಂತು. ಏಳೂ ಜನ ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ಬೆಳ್ಳಗಾಗಿದ್ದರು. ಅಮರೇಗೌಡನ ಒಂದು ಕಿವಿ ಕೇಳಿಸುತ್ತಿರಲಿಲ್ಲ. ಹುಲಿಗೆಮ್ಮ ಕಂಟ್ರೋಲ್ ರೂಮಿನಿಂದ ಓಡಿ ಬಂದವಳು ಅವನ ಮುಂದೆ ನಿಂತು ಅವನ ಅಂಗಿಯ ದೂಳು ಕೊಡವತೊಡಗಿದಳು. ದೇಸಾಯಿ ಸಾಹೇಬರು ಎಲ್ಲರೆದುರಿಗೆ ಅವಳಿಗೆ ಕೈ ಮುಗಿದರು.

ಆ ಭಾನುವಾರ ಮಧ್ಯಾಹ್ನ ಮೌಲಾ ಕಾಕಾ ಊಟಕ್ಕೆ ಬಂದರು. ಪುಂಡಿಪಲ್ಯ, ರೊಟ್ಟಿ, ಕೆನೆಮೊಸರು. ತಾಟಿನ ಮುಂದೆ ಕುಳಿತ ಅವರು ಊಟಕ್ಕೆ ಕೈ ಹಾಕದೆ, ಆವತ್ತಿನ ಕಾರಣ ಓದು ಎಂದರು. ಅವರಿಗೆ ಓದಲು ಬರುತ್ತಿರಲಿಲ್ಲ. ಹುಲಿಗೆಮ್ಮ ಹಾಳೆ ತಂದು ಒಂದೊಂದೇ ಸಾಲು ಓದಿದಳು. ಹೊರದಾರಿಯ ಐದನೇ ಕಂಬ ಕಿರುಗುಟ್ಟುವುದು ಈಗಷ್ಟೇ ನಿಂತಿದೆ. ಅದರ ಪಕ್ಕದ ಬಿರುಕು ಒಣಗಿದೆ. ಅಲ್ಲಿಯ ಗೋಡೆ ಹತ್ತು ವಾರಗಳಿಂದ ಪಾಳಿಗೆ ಕೂದಲೆಳೆಯಷ್ಟೇ ಒಳಗೆ ಸರಿಯುತ್ತ ಬಂದಿದೆ. ಇದು ದೊಡ್ಡಪ್ಪ ಒಪ್ಪಿಸಿದ ಸಂಗತಿ. ಹೊರದಾರಿ ಸಿಡಿದರೆ ಕೊರೆತದ ಜಾಗದ ಬಿಗಿತ ಇಳಿದು ಅಲ್ಲಿಯ ಕಲ್ಲು ಉಳಿಯುತ್ತದೆ. ದಾರಿ ದಾಟಲು ತೊಂಬತ್ತು ಸೆಕೆಂಡು ಬೇಕು. ಅಷ್ಟು ಹೊತ್ತು ದಾರಿ ಇರುವುದಿಲ್ಲ. ಹೀಗೆ ಇಪ್ಪತ್ಮೂರು. ಒಂದೊಂದಕ್ಕೂ ಕಾಕಾ ತಲೆಯಾಡಿಸುತ್ತ, ಇದು ನಂದು, ಇದು ನಮ್ಮ ಉಸ್ತಾದರದು, ಇದನ್ನ ನೀ ನನ್ನ ಸಿಟ್ಟಿಗೆಬ್ಬಿಸಿ ಹೇಳಿಸಿದ್ದಿ ಎನ್ನುತ್ತಿದ್ದರು. ಓದಿ ಮುಗಿದ ಮೇಲೆ ಆ ಹಾಳೆಯನ್ನು ತಮ್ಮ ಕೈಗೆ ತೆಗೆದುಕೊಂಡರು.

"ಇವೆಲ್ಲಾ ನನಗ ಗೊತ್ತಿದ್ದವು," ಎಂದರು ಕಡೆಗೆ. "ಒಂದೊಂದನ್ನ ಒಂದೊಂದು ವರ್ಷ ಕಲ್ತೀನಿ. ಆದ್ರ ಮಂಗಳವಾರ ಅಲ್ಲಿ ನಾ ಇದ್ದಿದ್ರ, ಹುಲಿಗಿ, ಓಡ್ರಿ ಅಂತಿದ್ದೆ."

ಅಮರೇಗೌಡ ಬಾಯಿಗೆ ಒಯ್ದ ತುತ್ತನ್ನು ಕೆಳಗಿಳಿಸಿದ. ಕೇಳಿಸುವ ಕಿವಿಯನ್ನು ಅವರ ಕಡೆ ತಿರುಗಿಸಿದ್ದ, ಒಂದು ಮಾತೂ ತಪ್ಪಿರಲಿಲ್ಲ.

"ಮೌಲಾಸಾಬ ಓಡು ಅಂದ್ರ ನೀ ಕುಂದರ್ತಿದ್ದೇನು?" ಎಂದು ಕಾಕಾ ಅವನನ್ನು ಕೇಳಿದರು.

"ಇಲ್ಲ ಕಾಕಾ. ಎಲ್ಲಾರಕಿಂತ ಮುಂದ ಓಡ್ತಿದ್ದೆ," ಎಂದ ಅವನು.

ಕಾಕಾರ ಕಣ್ಣಿಂದ ನೀರು ಇಳಿಯತೊಡಗಿತು. ಒರೆಸಿಕೊಳ್ಳಲಿಲ್ಲ. ಹುಲಿಗೆಮ್ಮ ಹೆದರಿ ಎದ್ದು ಬಂದಾಗ ಅವರು ತಲೆಯಾಡಿಸಿದರು, ದುಃಖಕ್ಕಲ್ಲ ಎಂದು.

"ನನ್ನ ಮಾತು ನನಗಿಂತ ಶಾಣ್ಯಾ ಆಗ್ಯಾವಲ್ಲವ್ವ," ಎಂದರು. "ಇದನ್ನ ನೋಡಾಕಂತನ ಇಷ್ಟು ದಿನ ಬದುಕಿದ್ನೇನೋ."

ಪಕ್ಕದಲ್ಲಿದ್ದ ಅಮರೇಗೌಡನ ಎಡಗೈಯನ್ನು ಮಣಿಕಟ್ಟಿನ ಹತ್ತಿರ ಹಿಡಿದುಕೊಂಡವರು ಊಟ ಮುಗಿಯುವ ತನಕ ಬಿಡಲಿಲ್ಲ. ಅವನೂ ಬಿಡಿಸಿಕೊಳ್ಳಲಿಲ್ಲ, ಒಂದೇ ಕೈಯಲ್ಲಿ ರೊಟ್ಟಿ ಮುರಿದುಕೊಂಡು ಉಂಡ.